ಆರನೆಯವನ ಹತ್ತು ಬೆರಳು

ಫೋಟೋ ಬಂದದ್ದು ಗ್ಯಾಸ್ ಸಿಲಿಂಡರುಗಳ ನಡುವೆ, ಗೋಣಿತಟ್ಟು ಸುತ್ತಿಕೊಂಡು, ಗೊಬಾನ ಜೀಪಿನಲ್ಲಿ. ಊರಿನ ಯಜಮಾನಿಕೆ ಮಾಡುವ ಗೊಬಾ ಸ್ಪಾಲ್‌ಜೋರ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೊಂಗ್ಮಾ ಎಂದು ಹೆಸರಿರುವ ಮನೆಯ ಮೆಟ್ಟಿಲು ಹತ್ತಿದ. ಅಡುಗೆಮನೆಯ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದವನೇ, "ಗ್ಯಾಲ್ಸನ್-ಲೇ, ನೀನು ಗೋಡೆಗೆ ಹೋಗ್ತಿದ್ದೀಯ!" ಎಂದು, ಆ ಕಡೆಯ ವಾಡಿಕೆಯಂತೆ ಹೆಸರಿಗೆ ಮರ್ಯಾದೆಯ 'ಲೇ' ಸೇರಿಸಿ, ಕೂಗಿದ.

"ಇನ್ನೂ ಸತ್ತಿಲ್ವಲ್ಲ ಮಾರಾಯ," ಎಂದಳು ಯಂಗ್ಡೋಲ್, ಒಲೆಗೆ ಸಗಣಿ ಬೆರಣಿ ತುರುಕುತ್ತಾ.

ಎಲ್ಲರೂ ನಕ್ಕರು. ಮನೆಯ ಮಗ ಮುತುಪ್ ಮಾತ್ರ ನಗಲಿಲ್ಲ. ಅವನಿಗೆ ಇಪ್ಪತ್ತೊಂಬತ್ತು ವರ್ಷ. ತಗಡು ಬಡಿದು ಒಲೆ ಮಾಡುವುದು ಅವನ ಕಸುಬು. ಆ ಮನೆಯಲ್ಲಿ ನಗದೆ ಇರುವುದು ಅವನಿಗೆ ಎಂಟನೆಯ ಕ್ಲಾಸಿನಿಂದ ಅಭ್ಯಾಸವಾಗಿತ್ತು.

ಒಲೆಯ ಸುತ್ತ ಕೂರುವುದಕ್ಕೂ ಅಲ್ಲಿ ಒಂದು ಕ್ರಮವಿದೆ. ಒಲೆಗೆ ತಾಗಿದ ಮೊದಲ ಜಮಖಾನ ಮನೆಯ ಯಜಮಾನ ಗ್ಯಾಲ್ಸನ್‌ದು. ಅದರ ಕೆಳಗೆ ಬಂದ ಅತಿಥಿ, ಅದರ ಕೆಳಗೆ ಗಂಡುಮಗ. ಕಡೆಗೆ, ಬಾಗಿಲ ಗಾಳಿ ಬಡಿಯುವಲ್ಲಿ, ಗ್ಯಾಲ್ಸನ್‌ನ ತಮ್ಮ ಲುಂಡುಪ್. ಅವನು ಮಗನಿಗಿಂತಲೂ ಕೆಳಗೆ ಯಾಕೆ ಕೂರುತ್ತಾನೆಂದು ಯಾರೂ ಕೇಳಿರಲಿಲ್ಲ. ಒಂದು ದಿನ ಹಾಗೆ ಕೂತ, ಆಮೇಲೆ ಅದೇ ಅವನ ಜಾಗವಾಯಿತು.

ಆ ಮನೆಯಲ್ಲಿ ಅಮ್ಮ ಒಬ್ಬಳು, ಯಂಗ್ಡೋಲ್; ಅಪ್ಪಂದಿರು ಇಬ್ಬರು, ಗ್ಯಾಲ್ಸನ್ ಮತ್ತು ಲುಂಡುಪ್. ಹೊಲ ಹರಿದು ಹಂಚಿಹೋಗಬಾರದೆಂದು ಅಣ್ಣತಮ್ಮಂದಿರಿಗೆ ಸೇರಿ ಒಬ್ಬಳನ್ನೇ ತರುವುದು ಆ ಕಣಿವೆಯ ಹಳೆಯ ಪದ್ಧತಿ. ಕಾನೂನು ಅದನ್ನು ಬೇಡವೆಂದು ಹೇಳಿ ಎಷ್ಟೋ ಕಾಲವಾಗಿತ್ತು. ಕಾನೂನಿಗೆ ಹೊಲವಿರಲಿಲ್ಲ, ಇವರಿಗೆ ಇತ್ತು. ಹುಟ್ಟಿದ ಮಕ್ಕಳು ಯಾರವೆಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಹಿರಿಯವನು ದೊಡ್ಡಪ್ಪ, ಕಿರಿಯವನು ಚಿಕ್ಕಪ್ಪ, ಇಬ್ಬರೂ ಅಪ್ಪಂದಿರೇ. ಆದರೆ ಸರ್ಕಾರದ ಕಾಗದದಲ್ಲಿ ಅಪ್ಪನಿಗೆ ಇರುವುದು ಒಂದೇ ಗೆರೆ. ಎಂಟನೆಯ ಕ್ಲಾಸಿನಲ್ಲಿ ಮುತುಪ್ ಆ ಗೆರೆಯ ಮೇಲೆ ಇಬ್ಬರ ಹೆಸರನ್ನೂ ಬರೆದ. ಹೊರಗಿನಿಂದ ಬಂದ ಮೇಷ್ಟ್ರು ಅದನ್ನು ಕ್ಲಾಸಿಗೆ ಓದಿ ಹೇಳಿ, "ಇವನ ಬಂಡಿಗೆ ಎರಡು ಎಂಜಿನ್ನು ಕಣ್ರೋ" ಎಂದರು. ಮುತುಪ್ ಮೇಜಿನ ಮೇಲಿದ್ದ ಮಸಿಕುಡಿಕೆಯನ್ನು ಅವರ ಬಿಳಿ ಅಂಗಿಗೆ ಎಸೆದು ಹೊರಗೆ ನಡೆದವನು ಆ ಬಾಗಿಲನ್ನು ಮತ್ತೆ ನೋಡಲಿಲ್ಲ.

ಗೊಬಾ ಗೋಣಿತಟ್ಟು ಬಿಚ್ಚಿದ.

ಹಿಮ ಕವಿದ ಬೆಟ್ಟದ ಏಣಿನ ಮೇಲೆ ಐದು ಜನ ಸೈನಿಕರು. ಗಡ್ಡ ಬೆಳೆದಿದೆ, ತುಟಿ ಒಡೆದಿದೆ, ಆದರೂ ನಗುತ್ತಿದ್ದಾರೆ. ಹಿಂದೆ ಬರಿಯ ಬಂಡೆ ಮತ್ತು ಆಕಾಶ. ಅವರ ಪಕ್ಕದಲ್ಲಿ, ಸ್ವಲ್ಪ ಕೆಳಗೆ, ಆರನೆಯವನು. ಮೈಮೇಲೆ ಊರಿನ ಉಣ್ಣೆಯ ನಿಲುವಂಗಿ, ಭುಜದ ಮೇಲೆ ಯಾಕ್ ಕೂದಲಿನ ಹಗ್ಗ. ಹಿಮದ ಬಿಸಿಲಿಗೆ ಕಣ್ಣು ಹೋಗದಂತೆ ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡಿದ್ದಾನೆ. ಕಾಣುವುದು ಅವನ ಕೈ ಮಾತ್ರ. ಎರಡೂ ಕೈಯಲ್ಲಿ ಒಂದು ತಗಡಿನ ಲೋಟವನ್ನು ಅಪ್ಪಿ ಹಿಡಿದಿದ್ದಾನೆ.

"ಇಪ್ಪತ್ತೈದು ವರ್ಷ ಆಯ್ತಲ್ಲ ಯುದ್ಧಕ್ಕೆ," ಎಂದ ಗೊಬಾ. "ಜುಲೈ ಕೊನೆಗೆ ರಸ್ತೆ ಹತ್ರ ಸ್ಮಾರಕದ ಕೋಣೆ ತೆರೀತಾರೆ. ಇದನ್ನ ಬಾಗಿಲ ಎದುರಿಗೇ ಹಾಕ್ತಾರಂತೆ, ಇನ್ನೂ ದೊಡ್ಡದು ಮಾಡಿ. ಕೆಳಗೆ ಹಿತ್ತಾಳೆ ಫಲಕದಲ್ಲಿ ಆರೂ ಜನರ ಹೆಸರು. ನಮ್ಮ ಲುಂಗ್‌ಮಾರ್‌ನಿಂದ ಒಂದೇ ಹೆಸರು, ನಿಂದು. ಹೊರೆಯಾಳುಗಳ ಪಟ್ಟೀಲಿ ನಿನ್ನ ಹೆಸರೇ ಇದೆ."

ಗ್ಯಾಲ್ಸನ್ ಕೈಯನ್ನು ಅಂಗಿಗೆ ಒರೆಸಿಕೊಂಡು ಚೌಕಟ್ಟನ್ನು ಮುಟ್ಟಿದ. ಬಾಗಿಲ ಬಳಿಯಿಂದ ಲುಂಡುಪ್ ಎದ್ದು ಬಂದು, ಅಣ್ಣನ ಭುಜದ ಮೇಲಿಂದ ಬಗ್ಗಿ ನೋಡಿದ. ಅವನು ಸೈನಿಕರನ್ನು ನೋಡಲಿಲ್ಲ, ಬೆಟ್ಟವನ್ನೂ ನೋಡಲಿಲ್ಲ. ತೋರುಬೆರಳಿನಿಂದ ಆ ಲೋಟದ ಸುತ್ತ ಒಂದೊಂದಾಗಿ ಮುಟ್ಟಿಕೊಂಡು ಬಂದ.

"ಹತ್ತೂ ಇವೆ," ಎಂದ.

ಅವನ ಎಡಗೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇರಲಿಲ್ಲ. ಆ ಬೆಟ್ಟದಿಂದ ಇಳಿದು ಬಂದ ಹನ್ನೊಂದನೆಯ ದಿನ, ಹಿಮಕ್ಕೆ ಮರಗಟ್ಟಿದ್ದ ಅವು ಕಪ್ಪಾಗಿ, ಇದೇ ಅಡುಗೆಮನೆಯಲ್ಲಿ, ಊರಿನ ನಾಟಿವೈದ್ಯನ ಚಾಕುವಿಗೆ ಹೋಗಿದ್ದವು.

"ಅದು ಚಿಕ್ಕಪ್ಪ," ಎಂದ ಮುತುಪ್.

ಗೊಬಾ ತನ್ನ ಚಹಾದ ಮೇಲೆ ತೇಲುತ್ತಿದ್ದ ಬೆಣ್ಣೆಯನ್ನು ಊದಿದ.

"ಗೊಬಾ-ಲೇ, ನಿಂಗೂ ಗೊತ್ತು. ಹೋದೋನು ಚಿಕ್ಕಪ್ಪ."

"ಸೈನ್ಯದ ಹೊರೆ ಹೊರೋಕೆ ಮನೆಗೊಬ್ಬ ಬನ್ನಿ ಅಂತ ಮೇಲಿನವರು ಹೇಳಿದ್ರು, ಮನೆಯಿಂದ ಒಬ್ಬ ಹೋದ. ಗೊಂಗ್ಮಾ ಮನೆ ಅಂದ್ರೆ ಗ್ಯಾಲ್ಸನ್. ಇದರಲ್ಲಿ ಹೊಸದೇನಿದೆ ಹುಡುಗಾ?"

"ಹೊರೆ ಹೊತ್ತದ್ದು ಮನೆಯ ಗೋಡೆ ಏನು?"

"ಮುತುಪ್, ಹಿಟ್ಟು ತಿನ್ನು," ಎಂದಳು ಯಂಗ್ಡೋಲ್, ಹುರಿದ ಬಾರ್ಲಿ ಹಿಟ್ಟಿನ ಬಟ್ಟಲನ್ನು ಅವನತ್ತ ತಳ್ಳಿ.

ಗ್ಯಾಲ್ಸನ್ ಮಗನತ್ತ ನೋಡದೆ ಫೋಟೋವನ್ನು ಎತ್ತಿ ಹಿತ್ತಾಳೆ ಪಾತ್ರೆಗಳ ಸಾಲಿನ ಮೇಲೆ, ತನ್ನ ಪ್ರಶಸ್ತಿಪತ್ರದ ಪಕ್ಕ ಒರಗಿಸಿದ. ಆ ಪ್ರಶಸ್ತಿಪತ್ರದ ಕತೆ ಊರಿಗೆಲ್ಲ ಗೊತ್ತು. ಹೊರೆಯಾಳುಗಳು ಮೇಲೆ ಹೋಗುವಾಗ ಗುರುತಿನ ಕಾರ್ಡು ತೋರಿಸಬೇಕಿತ್ತು. ಗೊಂಗ್ಮಾ ಮನೆಗೆ ಇದ್ದದ್ದು ಒಂದೇ ಕಾರ್ಡು, ಗ್ಯಾಲ್ಸನ್‌ದು. ಲುಂಡುಪ್ ಅದನ್ನು ಎದೆಯಲ್ಲಿಟ್ಟುಕೊಂಡು ಹೋದ; ಯುದ್ಧದ ಗಡಿಬಿಡಿಯಲ್ಲಿ ಯಾರೂ ಮುಖ ಹೋಲಿಸಲಿಲ್ಲ. ಆರು ವಾರ ಹೊತ್ತ, ಬಂದ. ಮರುವರ್ಷ ಪ್ರಶಸ್ತಿಪತ್ರ ಕೊಡಲು ಕರೆದಾಗ ಕಾರ್ಡಿನಲ್ಲಿರುವ ಮುಖವೇ ಬರಬೇಕೆಂದರು. ಗ್ಯಾಲ್ಸನ್ ಹೋದ. ಒಂದು ಶಾಲು, ಒಂದು ಥರ್ಮಾಸು ತಂದ. ಆಮೇಲೆ ಪ್ರತಿ ಜುಲೈನಲ್ಲೂ ಅವನಿಗೊಂದು ಕುರ್ಚಿ. ಮೊದಲ ಸಲ ನಾಚಿಕೆಯಿಂದ ಅದರ ತುದಿಯಲ್ಲಿ ಕೂತಿದ್ದನಂತೆ. ಈಗ ಬೆನ್ನು ಒರಗಿಸಿ ಕೂರುತ್ತಾನೆ.

ಜೂನ್ ಮೊದಲ ವಾರ ಬಾರ್ಲಿ ಹೊಲಕ್ಕೆ ನೀರಿನ ಸರದಿ ಬಂತು. ಮುತುಪ್ ಮತ್ತು ಲುಂಡುಪ್ ಗುದ್ದಲಿ ಹಿಡಿದು ಕಾಲುವೆಯ ಬಾಯಲ್ಲಿ ನಿಂತರು. ಲುಂಡುಪ್ ಎಂಟು ಬೆರಳಲ್ಲೇ ಹುಲ್ಲುಹೆಂಟೆ ಕಿತ್ತು, ಒಂದು ಗದ್ದೆಯ ಬಾಯಿ ಮುಚ್ಚಿ ಇನ್ನೊಂದರದು ತೆರೆಯುತ್ತಿದ್ದ.

"ನೀನು ಒಂದು ಮಾತು ಹೇಳಿದ್ರೆ ಸಾಕು ಚಿಕ್ಕಪ್ಪ. ಅದು ನಾನು ಅಂತ."

"ಹೇಳಿ?"

"ಹೆಸರು ಹಾಕ್ತಾರೆ."

"ಹೆಸರು ಹಾಕಿದ್ರೆ ಬೆರಳು ಚಿಗುರುತ್ತಾ? ಚಿಗುರೋದಾದ್ರೆ ಹೇಳು, ಈಗಲೇ ಬರ್ತೀನಿ."

"ನಿಂಗೆ ಎಲ್ಲಾ ತಮಾಷೆ."

ಲುಂಡುಪ್ ಗುದ್ದಲಿಯನ್ನು ನೆಲಕ್ಕೆ ಊರಿ ನಿಂತ. "ಅಲ್ಲಿ ಮೇಲೆ ನನ್ನನ್ನ ಗ್ಯಾಲ್ಸನ್ ಅಂತಲೇ ಕರೀತಿದ್ರು. ಕಾರ್ಡಲ್ಲಿ ಇದ್ದದ್ದು ಅದೇ ಅಲ್ವಾ. ಫೋಟೋದಲ್ಲಿ ಎಡಗಡೆ ತುದೀಲಿ ನಿಂತಿದ್ದಾನಲ್ಲ, ಹಲ್ಲು ಬಿಟ್ಟುಕೊಂಡು? ಮಾರನೇ ದಿನ ಅವನ ಹೊಟ್ಟೆಗೆ ಗುಂಡು ಬಿತ್ತು. ಬೆನ್ನಿಗೆ ಕಟ್ಟಿಕೊಂಡು ಇಳಿಸ್ತಾ ಇದ್ದೆ. ಕತ್ತಲಾಯ್ತು, ಬಂಡೆ ಸಂದೀಲಿ ಕೂತ್ವಿ. ಅವನ ಕೈ ತಣ್ಣಗಾಗ್ತಿತ್ತು ಅಂತ ನನ್ನ ಕೈಗವಸು ಹಾಕಿದೆ. 'ಗ್ಯಾಲ್ಸನ್, ಬಿಟ್ಟು ಹೋಗಬೇಡ, ಗ್ಯಾಲ್ಸನ್' ಅಂತ ಬೆಳಗಿನವರೆಗೂ. 'ಅಪ್ಪಾ, ನಾನು ಗ್ಯಾಲ್ಸನ್ ಅಲ್ಲ, ಅವನ ತಮ್ಮ, ಮನೇಲಿ ಕಾರ್ಡು ಒಂದೇ ಇತ್ತು' ಅಂತ ಹೇಳೋ ಹೊತ್ತಾ ಅದು?"

ನೀರು ಗದ್ದೆಗೆ ನುಗ್ಗಿತು. ಅವನು ಮತ್ತೆ ಬಗ್ಗಿದ. "ಹೆಂಟೆ ಕೊಡು ಇಲ್ಲಿ. ನಿನ್ನ ಸಿಟ್ಟಿನಿಂದ ಕಾಲುವೆ ಕಟ್ಟೋಕಾಗಲ್ಲ."

ಮುತುಪ್‌ಗೆ ಆ ಕತೆ ಕೇಳಿ ಎದೆ ಕರಗಲಿಲ್ಲ. ಇನ್ನಷ್ಟು ಉರಿಯಿತು. ಸತ್ತವನ ಬಾಯಲ್ಲೂ ಬೇರೆಯವನ ಹೆಸರು! ಆ ಸಂಜೆ ಅಮ್ಮ ಹಿಟ್ಟು ನಾದುತ್ತಿದ್ದಾಗ ಅವನು ಎದುರಿಗೆ ಹೋಗಿ ನಿಂತ.

"ಚಿಕ್ಕಪ್ಪನನ್ನ ಕಳಿಸಿದ್ದು ಯಾರು?"

ಯಂಗ್ಡೋಲ್ ಕೈ ನಿಲ್ಲಿಸಲಿಲ್ಲ. "ನಾನೇ."

ದೊಡ್ಡಪ್ಪನ ಹೆಸರು ಬರುತ್ತದೆಂದು ಮುತುಪ್ ಕಾದಿದ್ದ.

"ನಾನೇ ಹಗ್ಗ ಕೈಗೆ ಕೊಟ್ಟೆ. ನನ್ನ ಮದುವೆಯ ನಡುಪಟ್ಟಿ ಬಿಚ್ಚಿ ಅವನ ಸೊಂಟಕ್ಕೆ ಕಟ್ಟಿದೆ. ಸಾಕಾ?"

"ಯಾಕೆ ಅವನು? ಯಾಕೆ ದೊಡ್ಡಪ್ಪ ಅಲ್ಲ?"

"ಗೊಬಾ ಅಂಗಳದಲ್ಲಿ ನಿಂತು ಮನೆಗೊಬ್ಬ ಅಂದ. ಮೇಲೆ ಗುಂಡು ಬೀಳೋದು ಇಲ್ಲಿಗೆ ಕೇಳ್ತಿತ್ತು. ನಿಂಗೆ ನಾಲ್ಕು ವರ್ಷ, ನಿನ್ನ ತಂಗಿ ಕಂಕುಳಲ್ಲಿ. ದೊಡ್ಡವನು ಹೋಗಿ ಸತ್ತರೆ ಹೊಲ ಯಾರ ಹೆಸರಲ್ಲಿದೆ? ನೀರಿನ ಸರದಿ ಯಾರ ಹೆಸರಲ್ಲಿದೆ? ರೇಷನ್ನು? ಎಲ್ಲಾ ಅವನದೇ. ನಾವು ಬೀದಿಗೆ. ಸಣ್ಣವನು ಸತ್ತರೆ…" ಅವಳು ಹಿಟ್ಟಿನ ಮುದ್ದೆಯನ್ನು ಹಲಗೆಗೆ ಬಡಿದಳು. "ಸಣ್ಣವನು ಯಾವ ಕಾಗದದಲ್ಲೂ ಇರಲಿಲ್ಲ ಕಣೋ. ಕಾಗದದಲ್ಲಿ ಇಲ್ಲದೋನು ಸತ್ತರೆ ಸರ್ಕಾರಕ್ಕೆ ಯಾರೂ ಸತ್ತ ಹಾಗಲ್ಲ. ಆ ಲೆಕ್ಕ ಹಾಕೋಕೆ ನಂಗೆ ಒಂದು ಚಹಾ ಕುದಿಯೋಷ್ಟೂ ಹೊತ್ತಿರಲಿಲ್ಲ. ಈಗ ಹೇಳು, ಓದು ಬಿಟ್ಟ ಪಂಡಿತ, ನೀನಾಗಿದ್ರೆ ಯಾರನ್ನ ಕಳಿಸ್ತಿದ್ದೆ?"

ಮುತುಪ್ ಹಲಗೆಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆದ.

"ಹೇಳಕ್ಕಾಗಲ್ಲ ಅಲ್ವಾ? ಹಾಗಾದ್ರೆ ಬೆರಣಿ ತಂದುಹಾಕು. ಒಲೆ ಆರ್ತಿದೆ."

ಬೆರಣಿ ತರಲು ಹೋದವನು ಬುಟ್ಟಿಗೆ ಒದ್ದ. ಅದು ಮೆಟ್ಟಿಲ ಮೇಲೆ ಉರುಳಿಕೊಂಡು ಅಂಗಳಕ್ಕೆ ಬಿತ್ತು. ಅಲ್ಲಿ ಕತ್ತೆಗೆ ಹುಲ್ಲು ಹಾಕುತ್ತಿದ್ದ ಗ್ಯಾಲ್ಸನ್ ಅದನ್ನು ಎತ್ತಿ, ಚೆಲ್ಲಿದ ಬೆರಣಿಗಳನ್ನು ತುಂಬಿ, ಮೇಲೆ ತಂದು ಮಾತಿಲ್ಲದೆ ಅವನ ಕೈಗೆ ಕೊಟ್ಟ.

ತಂಗಿ ಕುಂಜೆಸ್ ಮೂರನೆಯ ಜಗಳ ತಂದಳು. ಸ್ಮಾರಕದ ಕೋಣೆಯಲ್ಲಿ ಬಂದವರಿಗೆ ಫೋಟೋಗಳ ವಿವರ ಹೇಳುವ ಕೆಲಸಕ್ಕೆ ಅವಳನ್ನು ತೆಗೆದುಕೊಂಡಿದ್ದರು. ಅರ್ಜಿಯಲ್ಲಿ "ಹೊರೆಯಾಳು ಗ್ಯಾಲ್ಸನ್ ಅವರ ಮಗಳು" ಎಂದು ಬರೆದದ್ದಕ್ಕೇ ಸಿಕ್ಕ ಕೆಲಸ.

"ನೀನು ಅಲ್ಲಿ ಹೋಗಿ ಕೂಗಾಡಿದ್ರೆ ಮೊದಲು ಮನೆಗೆ ಬರೋದು ನಾನು," ಎಂದಳು ಅವಳು, ಊಟದ ಹೊತ್ತಿಗೆ. ಟರ್ನಿಪ್ಪು ಹಾಕಿದ ಹಿಟ್ಟಿನ ಗಸಿ ಎಲ್ಲರ ಬಟ್ಟಲಲ್ಲೂ ಆರುತ್ತಿತ್ತು. "ನಾಲ್ಕು ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕಿದ್ದು."

"ಸುಳ್ಳು ಹೇಳೋ ಕೆಲಸ."

"ನೀನು ಬಡಿಯೋ ತಗಡಿನ ಒಲೆ ಬಹಳ ಸತ್ಯ ಹೇಳುತ್ತೆ ಪಾಪ! ಹೊಗೆ ಒಂದು ಬಿಟ್ಟು ಏನೂ ಬರಲ್ಲ ಅದರಲ್ಲಿ."

ಲುಂಡುಪ್ ಕಿಸಕ್ಕನೆ ನಕ್ಕ. ಗ್ಯಾಲ್ಸನ್ ಗಂಟಲು ಸರಿಮಾಡಿಕೊಂಡ. "ಅವಳು ಹೇಳೋದು ಸರಿ. ಒಂದು ಒಲೆ, ಒಂದು ಮನೆ. ಅವನು ಹೊತ್ತರೂ ನಾನು ಹೊತ್ತರೂ ಒಂದೇ."

"ಹಾಗಾದ್ರೆ ಅವನು ಕೂತರೂ ನೀನು ಕೂತರೂ ಒಂದೇ," ಎಂದ ಮುತುಪ್. "ಈ ಜುಲೈಗೆ ಕುರ್ಚಿ ಮೇಲೆ ಅವನು ಕೂರಲಿ."

ಗ್ಯಾಲ್ಸನ್ ಬಟ್ಟಲು ಕೆಳಗಿಟ್ಟ. ಎಪ್ಪತ್ತು ವರ್ಷದ ಮುಖ ಕೆಂಪೇರಿತು. "ನೀನು ಹುಟ್ಟಿದಾಗ ನಿನ್ನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೋನು ನಾನು. ಮರೀಬೇಡ."

"ನಿಂಗೆ ಹತ್ತೂ ಬೆರಳು ಉಳಿದಿವೆಯಲ್ಲ, ಒತ್ತುತ್ತಾ ಇರು!"

ಯಂಗ್ಡೋಲ್ ಸೌಟನ್ನು ನೆಲಕ್ಕೆ ಎಸೆದಳು. ಅಲ್ಲಿಗೆ ಊಟ ಮುಗಿಯಿತು.

ಜೂನ್ ಕೊನೆಯ ಸೋಮವಾರ ಮುತುಪ್ ಚಿಕ್ಕಪ್ಪನನ್ನು, ಒಲೆಗೆ ಕೊಳವೆ ಕೊಳ್ಳೋಣ ಬಾ ಎಂದು ಸುಳ್ಳು ಹೇಳಿ, ರಸ್ತೆಗೆ ಇಳಿಸಿದ. ಮುಕ್ಕಾಲು ಗಂಟೆ ನಡೆದು ಸ್ಮಾರಕದ ಮುಂದೆ ಬಂದಾಗಲೇ ಲುಂಡುಪ್‌ಗೆ ಗೊತ್ತಾದದ್ದು. ಮರಳಲು ತಿರುಗಿದವನ ತೋಳು ಹಿಡಿದು ಮುತುಪ್ ಒಳಗೆ ನುಗ್ಗಿದ. ಕೋಣೆಗೆ ಇನ್ನೂ ಬಣ್ಣ ಬಳಿಯುತ್ತಿದ್ದರು. ಉಸ್ತುವಾರಿಯ ಸಾಹೇಬರು ಬೆಟ್ಟಗಳ ಕೆಳಗಿನ ಬಯಲುನಾಡಿನವರು, ಒಳ್ಳೆಯ ಮಾತಿನವರು. ಇಬ್ಬರಿಗೂ ಬಿಸ್ಕತ್ತು ಕೊಡಿಸಿ, ಕತೆಯನ್ನೆಲ್ಲ ಕೇಳಿ, ಎದ್ದು ಅಲ್ಲಿ ಒರಗಿಸಿದ್ದ ದೊಡ್ಡ ಫೋಟೋದ ಬಳಿ ಹೋದರು.

"ಕೈ ತೋರಿಸಿ."

ಲುಂಡುಪ್ ಕೈ ಚಾಚಿದ. ಸಾಹೇಬರು ಕನ್ನಡಕ ಏರಿಸಿ ಫೋಟೋದಲ್ಲಿ ಎಣಿಸಿದರು, ಆಮೇಲೆ ಕೈಯಲ್ಲಿ ಎಣಿಸಿದರು.

"ಇಲ್ಲಿ ಹತ್ತಿವೆ. ಇವರಿಗೆ ಎಂಟು. ಗ್ಯಾಲ್ಸನ್ ಅವರಿಗೆ ಹತ್ತಿದ್ದಾವೆ, ನಾನೇ ಕೈ ಕುಲುಕಿದ್ದೀನಿ."

"ಸಾರ್, ಫೋಟೋ ತೆಗೆದ ಮೇಲೆ ಹೋದವು! ಆ ಬೆಟ್ಟದಲ್ಲೇ ಹೋದವು!"

"ಆಸ್ಪತ್ರೆ ದಾಖಲೆ ಇದೆಯಾ?"

"ಅಡುಗೆಮನೇಲಿ ಕತ್ತರಿಸಿದ್ದು. ದಾಖಲೆ ನಾಯಿ ತಿಂತು!"

ಬಣ್ಣ ಬಳಿಯುತ್ತಿದ್ದವರು ನಕ್ಕರು. ಸಾಹೇಬರೂ ತುಟಿ ಕಚ್ಚಿಕೊಂಡರು. "ನೋಡಪ್ಪಾ, ನಿನ್ನ ಮಾತನ್ನ ನಾನು ತಳ್ಳಿಹಾಕ್ತಿಲ್ಲ. ಬರ್ಕೊಳ್ತೀನಿ. ಮನೆಯೊಳಗೇ ಒಮ್ಮತ ಇಲ್ಲ ಅಂತ ಬರ್ಕೊಳ್ತೀನಿ."

ಮುತುಪ್ ಅವರ ಮೇಜಿನ ಮೇಲೆ ಗುದ್ದಿದ. ಬಿಸ್ಕತ್ತಿನ ತಟ್ಟೆ ಹಾರಿತು. ಲುಂಡುಪ್ ನೆಲಕ್ಕೆ ಬಿದ್ದ ಬಿಸ್ಕತ್ತುಗಳನ್ನು ಆರಿಸಿ, ಒರೆಸಿ, ತಟ್ಟೆಗಿಟ್ಟು, "ಜೂಲೇ ಸಾಹೇಬ್ರೇ" ಎಂದು ಊರಿನ ನಮಸ್ಕಾರ ಹೇಳಿ, ಕೈಮುಗಿದು ಹೊರಗೆ ಬಂದ.

ದಾರಿಯುದ್ದಕ್ಕೂ ಅವನು ಎಡಗೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡು ನಡೆದ. ಊರಿನ ಸ್ತೂಪದ ಹತ್ತಿರ ಬಂದ ಮೇಲೆ, "ಇನ್ನು ಮೇಲೆ ನನ್ನ ಕೈಯನ್ನ ಹಾಗೆ ಯಾರ ಮುಂದೂ ಚಾಚಿಸಬೇಡ," ಎಂದ. ಅವನ ದನಿಯಲ್ಲಿ ತಮಾಷೆ ಇಲ್ಲದ್ದನ್ನು ಮುತುಪ್ ಕೇಳಿದ್ದು ಅದೇ ಮೊದಲು.

ಅಲ್ಲಿಂದ ನಾಲ್ಕು ವಾರ ಮನೆ ಉಸಿರು ಬಿಗಿಹಿಡಿದುಕೊಂಡೇ ನಡೆಯಿತು. ಜರ್ದಾಳು ಹಣ್ಣಾದವು, ಮಾಡಿನ ಮೇಲೆ ಒಣಗಲು ಹರಡಿದರು. ಗ್ಯಾಲ್ಸನ್ ತನ್ನ ಕಡುಗೆಂಪು ನಿಲುವಂಗಿಯನ್ನು ತಾನೇ ಒಗೆದು ಬಿಸಿಲಿಗೆ ಹಾಕಿದ. ಮುತುಪ್ ಬೇಕೆಂದೇ ಅದರ ಪಕ್ಕದಲ್ಲಿ ಕೂತು ತಗಡು ಉಜ್ಜಿದ, ತುಕ್ಕಿನ ಪುಡಿ ಹಾರುವ ಹಾಗೆ. ಗ್ಯಾಲ್ಸನ್ ಅಂಗಿ ಕೊಡವಿಕೊಂಡು ಒಳಗೆ ಹೋದ. ಮಾತು ಬೇಕಾದಾಗ ಇಬ್ಬರೂ ಕುಂಜೆಸ್ ಮೂಲಕ ಆಡಿದರು. "ನಿನ್ನ ಅಣ್ಣನಿಗೆ ಹೇಳು, ಹಸುವಿನ ಕಾಲಿಗೆ ಮುಳ್ಳು ಹೊಕ್ಕಿದೆ ಅಂತ." "ನಿನ್ನ ದೊಡ್ಡಪ್ಪನಿಗೆ ಹೇಳು, ನಂಗೂ ಕಣ್ಣಿದೆ ಅಂತ." "ನಾನೇನು ಟಪ್ಪಾಲಿನವಳಾ?" ಎಂದು ಕುಂಜೆಸ್ ರೇಗಿದಳು.

ಜುಲೈ ಕೊನೆಯ ಆ ದಿನ ಊರಿಗೂರೇ ರಸ್ತೆಗೆ ಇಳಿಯಿತು. ಶಾಮಿಯಾನ, ಬ್ಯಾಂಡು, ಧ್ವಜ. ಮುಂದಿನ ಸಾಲಿನಲ್ಲಿ ಗ್ಯಾಲ್ಸನ್‌ನ ಕುರ್ಚಿ. ಯಂಗ್ಡೋಲ್ ವೈಡೂರ್ಯದ ಕಲ್ಲು ಪೋಣಿಸಿದ ತಲೆಪಟ್ಟಿ ತೊಟ್ಟು ಹೆಂಗಸರ ನಡುವೆ ಕೂತಿದ್ದಳು. ಮುತುಪ್ ಹಿಂದೆ ಕಂಬಕ್ಕೊರಗಿ ನಿಂತಿದ್ದ. ಮುಷ್ಟಿ ಬಿಚ್ಚಿರಲಿಲ್ಲ. ದೊಡ್ಡಪ್ಪನ ಹೆಸರು ಓದಿದ ಕೂಡಲೇ ಚಿಕ್ಕಪ್ಪನ ಹೆಸರನ್ನು ಗಂಟಲು ಹರಿಯುವಂತೆ ಕೂಗುವುದೆಂದು ಅವನು ತೀರ್ಮಾನಿಸಿಕೊಂಡು ಬಂದಿದ್ದ. ಲುಂಡುಪ್‌ನನ್ನು ಚಹಾ ಹಂಚಲು ಕರೆದಿದ್ದರು. ಅವನು ಎಂಟು ಬೆರಳಲ್ಲಿ ದೊಡ್ಡ ಕೆಟಲು ಹಿಡಿದು ಸಾಲು ಸಾಲಾಗಿ ಸುರಿಯುತ್ತಾ ಬರುತ್ತಿದ್ದ.

ಪರದೆ ಸರಿಸಿದರು. ಚಪ್ಪಾಳೆ. ಹೊಸ ಅಂಗಿ ತೊಟ್ಟ ಕುಂಜೆಸ್ ಹಿತ್ತಾಳೆ ಫಲಕವನ್ನು ನೋಡಿ ಮೈಕಿನಲ್ಲಿ ಓದತೊಡಗಿದಳು. ಮೊದಲನೆಯವನ ಹೆಸರು, ಹುದ್ದೆ, ಊರು. ಎರಡನೆಯವನು. ಮೂರನೆಯವನು. ನಾಲ್ಕು. ಐದು.

"ಆರನೆಯವರು…" ಎಂದು ನಿಂತಳು.

ಮುತುಪ್ ಉಸಿರೆಳೆದುಕೊಂಡ.

"ಆರನೆಯವರು… ಸ್ಥಳೀಯ ಕೂಲಿ."

ಅವನು ಕೂಗಲಿಲ್ಲ. ಎದುರಾಗಿ ಕೂಗುವುದಕ್ಕೆ ದೊಡ್ಡಪ್ಪನ ಹೆಸರೇ ಅಲ್ಲಿರಲಿಲ್ಲ. ಚಪ್ಪಾಳೆ ಮತ್ತೆ ಬಿತ್ತು. ಲುಂಡುಪ್‌ನ ಕೆಟಲಿನ ಚಹಾ ಯಾರದೋ ಲೋಟ ತುಂಬಿ, ತಟ್ಟೆ ತುಂಬಿ, ಮಂಡಿಯ ಮೇಲೆ ಹರಿಯಿತು.

ಗ್ಯಾಲ್ಸನ್ ಕುರ್ಚಿಯಿಂದ ಎದ್ದ.

"ಸಾಹೇಬ್ರೇ, ಅವನಿಗೆ ಹೆಸರಿದೆ."

ಸಾಹೇಬರು ನಗುತ್ತಲೇ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಗ್ಯಾಲ್ಸನ್-ಲೇ, ಕೂತ್ಕೊಳ್ಳಿ. ನಿಮ್ಮ ಮಗನೇ ಬಂದು ತಕರಾರು ಹೇಳಿದ. ವಿವಾದ ಬೇಡ ಅಂತ ಮೇಲಿನವರು ಹೆಸರು ತೆಗೆಸಿದ್ರು. ನಿಮ್ಮ ಕುರ್ಚಿಗೆ ತೊಂದರೆ ಇಲ್ಲ."

"ಕುರ್ಚಿ ಹಾಳಾಗ್ಲಿ! ಆರು ವಾರ ಹೊತ್ತೋನು ನನ್ನ ತಮ್ಮ. ಲುಂಡುಪ್. ಅಗೋ, ಚಹಾ ಸುರೀತಿದ್ದಾನಲ್ಲ, ಅವನು. ನಾನು ಇಪ್ಪತ್ತೈದು ವರ್ಷ ಸುಳ್ಳಾಗಿ ಕೂತಿದ್ದೆ. ಬರೀರಿ!"

ಬ್ಯಾಂಡಿನವರು ಏನು ಮಾಡುವುದೆಂದು ತಿಳಿಯದೆ ಬಾರಿಸತೊಡಗಿದರು.

"ಅರ್ಜಿ ಕೊಡಿ," ಎಂದರು ಸಾಹೇಬರು. "ಆದರೆ ಕಾರ್ಡೂ ಪಟ್ಟಿಯೂ ನಿಮ್ಮ ಹೆಸರಲ್ಲಿವೆ. ಅರ್ಜಿ ನಿಲ್ಲುತ್ತೆ ಅಂತ ನಾನು ಹೇಳಲಾರೆ."

ಮನೆಗೆ ನಡೆಯುವಾಗ ಐದೂ ಜನ ಒಂದೇ ಸಾಲಿನಲ್ಲಿ ಏರು ಹತ್ತಿದರು. ಅರ್ಧ ದಾರಿಯಲ್ಲಿ ಮುತುಪ್ ನಿಂತು ಹಿಂದಕ್ಕೆ ತಿರುಗಿದ. ನಾಲ್ಕು ವಾರದ ಮೇಲೆ ಮೊದಲ ನೇರ ಮಾತು.

"ನಿನ್ನ ಹೆಸರು ಹೋದ ಮೇಲೆ ತಮ್ಮನ ಹೆಸರು ನೆನಪಾಯ್ತಾ ದೊಡ್ಡಪ್ಪ?"

ಗ್ಯಾಲ್ಸನ್ ಕೋಲಿನ ಮೇಲೆ ಭಾರ ಹಾಕಿ ಏದುಸಿರು ಬಿಟ್ಟ. "ಹೌದು," ಎಂದ. "ಹಾಗೇ. ಅವರು ನನ್ನ ಹೆಸರು ಓದಿದ್ರೆ ಕೂತೇ ಇರ್ತಿದ್ದೆ. ಇನ್ನೇನು ಕೇಳಬೇಕು, ಕೇಳು."

ಮುತುಪ್ ಮುಂದೆ ತಿರುಗಿ, ದಾರಿಯ ಕಲ್ಲುಗಳನ್ನು ಒದೆಯುತ್ತಾ ನಡೆದ.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಅವನು ಒಲೆಗೆಂದು ಇಟ್ಟಿದ್ದ ತಗಡಿನಿಂದ ಮೊಳದುದ್ದದ ಪಟ್ಟಿ ಕತ್ತರಿಸಿದ. ಇದ್ದಿಲಿನಲ್ಲಿ ಅಕ್ಷರ ಬರೆದ. ಮೊಳೆಯ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದು ಮೂಡಿಸಬೇಕು. ತಗಡು ಜಾರುತ್ತಿತ್ತು, ಮೊಳೆ ಓಲುತ್ತಿತ್ತು. ಗ್ಯಾಲ್ಸನ್ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ತಗಡನ್ನು ಕಾಲಿನಿಂದ ಒತ್ತಿ, ಮೊಳೆಯನ್ನು ಎರಡು ಬೆರಳಲ್ಲಿ ನೆಟ್ಟಗೆ ಹಿಡಿದ.

ಮುತುಪ್ ಸುತ್ತಿಗೆ ಎತ್ತಿದ. ಕೆಳಗೆ ಆ ಬೆರಳುಗಳು, ಪೂರ್ತಿ ಹತ್ತರಲ್ಲಿ ಎರಡು. ಸುತ್ತಿಗೆ ಗಾಳಿಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಗ್ಯಾಲ್ಸನ್ ಅದನ್ನೂ ನೋಡಿದ, ಮಗನ ಮುಖವನ್ನೂ ನೋಡಿದ. ಕೈ ಹಿಂದೆ ತೆಗೆಯಲಿಲ್ಲ.

"ಹೊಡಿ," ಎಂದ.

ಮೊಳೆಯ ತಲೆಗೆ ಬಿತ್ತು. ಮತ್ತೆ ಬಿತ್ತು. ಮೆಟ್ಟಿಲ ಮೇಲೆ ಕೂತು ಜರ್ದಾಳು ಬೀಜ ಒಡೆಯುತ್ತಿದ್ದ ಯಂಗ್ಡೋಲ್ ಉಸಿರು ಬಿಟ್ಟು ತನ್ನ ಕಲ್ಲು ಎತ್ತಿಕೊಂಡಳು.

ಲುಂಡುಪ್ ಎಂಬ ಹೆಸರು ಹೊಡೆದಾದ ಮೇಲೆ, ಅದರ ಕೆಳಗೆ "ಲುಂಗ್‌ಮಾರ್ ಊರು, ಗೊಂಗ್ಮಾ ಮನೆ" ಎಂದು ಹೊಡೆದರು. ಕುಂಜೆಸ್ ಸ್ಮಾರಕದ ಕೋಣೆಯ ಬೀಗ ತೆರೆಯುವ ಹೊತ್ತಿಗೆ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಅವಳು ಅಣ್ಣನ ಕೈಯ ಸುತ್ತಿಗೆ ನೋಡಿದಳು, ತಗಡು ನೋಡಿದಳು, ಖಾಲಿ ರಸ್ತೆ ನೋಡಿದಳು.

"ನನ್ನ ಕೆಲಸ ಹೋದ್ರೆ ನಿನ್ನ ಒಲೆಯನ್ನೆಲ್ಲ ನದಿಗೆ ಎಸೀತೀನಿ," ಎಂದಳು. "ಬೇಗ ಹೊಡಿ."

ಚೌಕಟ್ಟಿನ ಕೆಳಗಿನ ಮರಕ್ಕೆ, ಹಿತ್ತಾಳೆ ಫಲಕಕ್ಕೆ ಒತ್ತಿಕೊಂಡು, ನಾಲ್ಕು ಮೊಳೆ ಬಿದ್ದವು. ಮಧ್ಯಾಹ್ನಕ್ಕೆ ಸಾಹೇಬರ ಫೋನು ಬಂತು, ಕಿತ್ತು ಹಾಕು ಎಂದು. ಕುಂಜೆಸ್ ಕಿತ್ತಳು. ಸಂಜೆ ಮನೆಗೆ ಬಂದು, ಚೀಲದಿಂದ ತಗಡು ತೆಗೆದು ಅಣ್ಣನ ಮುಂದೆ ಎಸೆದಳು.

"ಕೀಳು ಅಂದ್ರು, ಕಿತ್ತೆ. ಬಿಸಾಡು ಅನ್ನಲಿಲ್ಲ. ಒಂದು ಮೂಲೆ ಬಾಗಿದೆ, ಸರಿ ಮಾಡು."

ಮಾರನೆಯ ದಿನ ಮತ್ತೆ ಹೊಡೆದರು. ಮತ್ತೆ ಫೋನು ಬಂತು, ಮತ್ತೆ ಕಿತ್ತಳು. ಮೂರನೆಯ ವಾರದ ಹೊತ್ತಿಗೆ ಅವಳು ಕೀಳುವುದು ಸಂಜೆ ಐದಕ್ಕೆ, ನೋಡಲು ಬಂದವರೆಲ್ಲ ಹೋಗಿ, ಬಾಗಿಲು ಹಾಕುವ ಮುಂಚೆ. ಐದೂಕಾಲಿಗೆ ಸಾಹೇಬರು ಫೋನು ಮಾಡಿ, "ಕಿತ್ತೆಯಾ?" ಎಂದು ಕೇಳುತ್ತಾರೆ. "ಕಿತ್ತೆ ಸಾರ್," ಎನ್ನುತ್ತಾಳೆ. ಅದು ಸುಳ್ಳಲ್ಲ. ದಿನವಿಡೀ ಬಂದವರಿಗೆ ಅವಳು ಐದು ಹೆಸರು ಹೇಳಿ, ಆರನೆಯದನ್ನೂ ಹೇಳುತ್ತಾಳೆ. ಕೆಲಸ ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಗ್ಯಾಲ್ಸನ್ ಕೊಟ್ಟ ಅರ್ಜಿಗೆ ಉತ್ತರ ಬಂದಿಲ್ಲ. ಮುತುಪ್‌ನ ಸಿಟ್ಟೂ ಇಳಿದಿಲ್ಲ. ಇಳಿಯುವುದು ಅವನಿಗೆ ಬೇಕಾಗಿಯೂ ಇಲ್ಲ.

ಸೆಪ್ಟೆಂಬರಿನಲ್ಲಿ, ಬಾರ್ಲಿ ಕೊಯ್ಲು ಮುಗಿದ ಮರುದಿನ, ಲುಂಡುಪ್ ಯಾರಿಗೂ ಹೇಳದೆ ರಸ್ತೆಗೆ ಇಳಿದು ಹೋದ. ಸಂಜೆ ಬಂದವನು ಬಾಗಿಲ ಬಳಿಯ ತನ್ನ ಜಾಗಕ್ಕೆ ಹೋಗಲಿಲ್ಲ. ನೇರ ಬಂದು ಒಲೆಯ ಪಕ್ಕ, ಅಣ್ಣ ಸರಿದು ಬಿಟ್ಟುಕೊಟ್ಟ ಅರ್ಧ ಜಮಖಾನದಲ್ಲಿ ಕೂತು, ಯಂಗ್ಡೋಲ್ ಕೊಟ್ಟ ಚಹಾವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದ.

"ನೋಡಿದ್ಯಾ ಚಿಕ್ಕಪ್ಪ?" ಎಂದ ಮುತುಪ್.

"ನೋಡಿದೆ."

"ಹೆಸರು?"

ಲುಂಡುಪ್ ಒಂದು ಗುಟುಕು ಕುಡಿದ. ಒಲೆಯನ್ನೇ ದಿಟ್ಟಿಸಿದ.

"ಬಲಗಡೆ ಮೊಳೆ ಅಲ್ಲಾಡ್ತಿದೆ," ಎಂದ. "ನಾಳೆ ಗಟ್ಟಿಯಾಗಿ ಹೊಡಿ."